ಪಳಗಿದ ಕೈ ತಪ್ಪುವ ಜಾಗಗಳು: ಅಡಿಕೆ ತೋಟದ ಮನೆಗೆ ಕೆಲವು ಸುರಕ್ಷತೆಯ ರೂಢಿಗಳು

ದೋಟಿ (ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು) ಹೊಸದಾಗಿ ಕೈಗೆ ಬಂದ ವರ್ಷ ಅಡಿಕೆ ಕೊನೆ (ಗೊನೆ) ಕೊಯ್ಯುವವರು ಪ್ರತಿ ಮರದ ಬುಡದಲ್ಲೂ ತಲೆಯೆತ್ತಿ ಕರೆಂಟ್ ತಂತಿ ಎಲ್ಲಿ ಹಾದಿದೆ ಅಂತ ನೋಡುತ್ತಾರೆ. ಮೂರನೇ ವರ್ಷಕ್ಕೆ ಕಣ್ಣು ಕೊನೆಯ ಮೇಲೆ ಮಾತ್ರ. ಕೈ ಪಳಗಿರುತ್ತದೆ, ಮರಗಳ ಗುರುತು ಸಿಕ್ಕಿರುತ್ತದೆ. ತಂತಿ ಇದ್ದಲ್ಲೇ ಇರುತ್ತದೆ.

ಅತಿಯಾದ ಆತ್ಮವಿಶ್ವಾಸ ಅಂದರೆ ಹುಂಬತನ ಅಂದುಕೊಳ್ಳುವುದೇ ಮೊದಲ ತಪ್ಪು. ಹುಂಬರನ್ನು ಯಾರೂ ತೋಟದ ಕೆಲಸಕ್ಕೆ ಕರೆಯುವುದಿಲ್ಲ. ಇಲ್ಲಿ ಹೇಳುತ್ತಿರುವುದು ಕೆಲಸ ಬಲ್ಲವರ ಬಗ್ಗೆ. ಫ್ಯೂಸ್ ಕೀಳದೆಯೇ ಒಬ್ಬರು ನೂರು ಸಲ ಪಂಪಿನ ಕೆಲಸ ಮಾಡಿರುತ್ತಾರೆ, ನೂರು ಸಲವೂ ಏನೂ ಆಗಿರುವುದಿಲ್ಲ. ಅದರಿಂದ ಮನಸ್ಸು ಕಲಿಯುವ ಪಾಠ, ‘ಫ್ಯೂಸ್ ಕೀಳುವುದು ದಂಡದ ಕೆಲಸ’. ನಿಜ ಸಂಗತಿ ಇಷ್ಟೇ: ಆ ನೂರು ಸಲವೂ ಅವರ ಕೈ ಒಳಗಿದ್ದ ಹೊತ್ತಿಗೆ ಕರೆಂಟ್ ಬರಲಿಲ್ಲ. ಬಿಟ್ಟ ಹೆಜ್ಜೆಗೆ ಆಗಾಗ ಸಣ್ಣ ದಂಡ ಬೀಳುವಂತಿದ್ದರೆ ಎಲ್ಲರೂ ಹುಷಾರಾಗಿರುತ್ತಿದ್ದರು. ಇಂಥ ಕೆಲಸಗಳಲ್ಲಿ ಹಾಗಿಲ್ಲ, ದಂಡ ಬಿದ್ದರೆ ಒಂದೇ ಸಲಕ್ಕೆ ಪೂರ್ತಿ.

ತನ್ನ ಕೈಚಳಕವನ್ನು ತಾನೇ ಅಳೆಯುವುದರಲ್ಲಿ ಮನುಷ್ಯ ಎಷ್ಟು ಎಡವುತ್ತಾನೆ ಎಂಬುದಕ್ಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಉದಾಹರಣೆ. ವಾಹನ ಓಡಿಸುವ ಕೌಶಲದಲ್ಲಿ ಗುಂಪಿನ ಉಳಿದವರ ಜೊತೆ ಹೋಲಿಸಿಕೊಳ್ಳಿ ಎಂದಾಗ ಅಮೆರಿಕದ ಗುಂಪಿನಲ್ಲಿ ನೂರಕ್ಕೆ 93 ಮಂದಿ, ಸ್ವೀಡನ್ನಿನ ಗುಂಪಿನಲ್ಲಿ 69 ಮಂದಿ ತಮ್ಮನ್ನು ಮೇಲಿನ ಅರ್ಧದಲ್ಲಿ ಇಟ್ಟುಕೊಂಡರು. ಮೇಲಿನ ಅರ್ಧದಲ್ಲಿ ಜಾಗ ಇರುವುದು ಐವತ್ತು ಮಂದಿಗೆ.

ಆದ್ದರಿಂದ ‘ಎಚ್ಚರಿಕೆಯಿಂದಿರಿ’ ಎಂಬ ಬುದ್ಧಿಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ತಾನು ಎಚ್ಚರವಾಗಿಯೇ ಇದ್ದೇನೆ ಎಂದು ಪ್ರತಿಯೊಬ್ಬರಿಗೂ ಅನಿಸುತ್ತಿರುತ್ತದೆ. ಸುರಕ್ಷತೆಯನ್ನು ತಲೆಯಿಂದ ತೆಗೆದು ಜೇಬಿಗೆ, ಬೀಗಕ್ಕೆ, ಮರದ ಮೇಲಿನ ಬಣ್ಣಕ್ಕೆ ದಾಟಿಸಬೇಕು. ಮುಂದಿನದು ಅದರ ವಿವರ.

ದೋಟಿ ಮತ್ತು ತಂತಿ

ಉದ್ದ ದೋಟಿ ಬಂದ ಮೇಲೆ ಮರ ಹತ್ತುವ ಕೆಲಸ ಕಡಿಮೆಯಾಯಿತು, ಬೀಳುವ ಭಯವೂ ಕಡಿಮೆಯಾಯಿತು. ಅದರ ಜೊತೆಗೇ ಬೇರೆ ಅಪಾಯವೊಂದು ತೋಟಕ್ಕೆ ಬಂತು. ಅಲ್ಯುಮಿನಿಯಂ ಪೈಪು ಕರೆಂಟ್ ಹರಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿ ನೋಡುವುದಕ್ಕೆ, ಮುಟ್ಟುವುದಕ್ಕೆ ಪ್ಲಾಸ್ಟಿಕ್ ಥರ ಇರುವುದರಿಂದ ಅದಕ್ಕೆ ಕರೆಂಟ್ ಹಿಡಿಯುವುದಿಲ್ಲ ಅಂತ ನಂಬಿದವರಿದ್ದಾರೆ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ಮೇಲಿನ ತೆಳು ಪದರ 11 ಸಾವಿರ ವೋಲ್ಟನ್ನು ತಡೆಯುವುದಿಲ್ಲ. ಗಮ್‌ಬೂಟು, ರಬ್ಬರ್ ಗ್ಲೌಸು ಕೂಡ ಆ ವೋಲ್ಟೇಜಿಗೆ ಲೆಕ್ಕಕ್ಕಿಲ್ಲ. ಹಸಿ ಬಿದಿರನ್ನೂ ಮಳೆಯಲ್ಲಿ ನೆನೆದ ಬಿದಿರನ್ನೂ ಇದೇ ಪಟ್ಟಿಗೆ ಸೇರಿಸಿ.

ಪಳಗಿದವರ ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ಅವರು ಅಳೆಯುವುದು ದೋಟಿಯ ತುದಿಗೂ ತಂತಿಗೂ ಈಗಿರುವ ಅಂತರವನ್ನು. ಅಳೆಯಬೇಕಾದ್ದು ದೋಟಿ ಕೈತಪ್ಪಿ ವಾಲಿದರೆ ತುದಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು. ಐವತ್ತು ಅಡಿಯ ದೋಟಿ ಸ್ವಲ್ಪ ವಾಲುವವರೆಗೆ ಕೈಯಲ್ಲಿ ನಿಲ್ಲುತ್ತದೆ. ಅದನ್ನು ಮೀರಿದರೆ ಬುಡ ಹಿಡಿದವರ ಬಲ ಸಾಲದು, ಅದು ಹೋಗುವ ಕಡೆಗೇ ಹೋಗುತ್ತದೆ. ಒಂದು ಗಾಳಿ, ಜಾರುವ ಸೋಗೆಯ (ಉದುರಿದ ಅಡಿಕೆ ಗರಿಯ) ಮೇಲೆ ಇಟ್ಟ ಒಂದು ಕಾಲು, ಅರ್ಧ ಕತ್ತರಿಸಿ ಸಿಕ್ಕಿಕೊಂಡ ಕೊನೆಯ ಜಗ್ಗಾಟ, ಇಷ್ಟು ಸಾಕು.

ನಿಯಮ ಹೀಗಿಟ್ಟುಕೊಳ್ಳಿ: ತಂತಿಯ ನೇರ ಕೆಳಗಿನ ನೆಲದಿಂದ, ದೋಟಿಯ ಉದ್ದಕ್ಕೆ ಹತ್ತು ಅಡಿ ಸೇರಿಸಿದಷ್ಟು ದೂರದ ಒಳಗೆ ದೋಟಿ ಎತ್ತುವಂತಿಲ್ಲ. ಐವತ್ತು ಅಡಿ ದೋಟಿಗೆ ಅರವತ್ತು ಅಡಿ. ಇದನ್ನು ಕೊಯ್ಲಿನ ದಿನ ಕಣ್ಣಳತೆಯಲ್ಲಿ ಮಾಡಬೇಡಿ. ಬೇಸಿಗೆಯಲ್ಲಿ ಬಿಡುವಾದಾಗ ಟೇಪು ಹಿಡಿದು ಅಳೆದು, ಆ ಪಟ್ಟಿಯೊಳಗೆ ಬರುವ ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಒಂದು ಗೇಣು ಅಗಲ ಕೆಂಪು ಬಣ್ಣ ಬಳಿಯಿರಿ. ಸುಣ್ಣ ಬೇಡ. ಬಿಸಿಲಿಗೆ ಕಾಂಡ ಸುಡದಿರಲಿ ಅಂತ ಸುಣ್ಣ ಹೇಗೂ ಬಳಿಯುತ್ತೇವೆ, ಎರಡೂ ಬೆರೆತು ಗುರುತು ಕೆಡುತ್ತದೆ. ಕೆಂಪು ಪಟ್ಟಿ ಇದ್ದರೆ ಆ ಮರದ ಬಳಿ ಚರ್ಚೆಯಿಲ್ಲ. ಬೇರೆ ತೋಟದಿಂದ ಬಂದ ಕೊನೆಗಾರರಿಗೂ ಹೊಸ ಕೂಲಿಯವರಿಗೂ ಇದನ್ನು ತೋರಿಸಿದರೆ ಸಾಕು, ಇಡೀ ತೋಟದ ನಕ್ಷೆ ಹೇಳಬೇಕಿಲ್ಲ.

ಪಟ್ಟಿಯ ಒಳಗಿನ ಮರಗಳ ಕೆಲಸವನ್ನು ಒಂದೇ ದಿನಕ್ಕೆ ಒಟ್ಟು ಮಾಡಿ, ಮೆಸ್ಕಾಂ ಅಥವಾ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಮೊದಲೇ ಹೇಳಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸುವ ಅನುಮತಿ) ಪಡೆದು ಮಾಡಿಸಿ. ಲೈನ್‌ಮನ್ ಬಂದು ಲೈನ್ ಆಫ್ ಆಗಿದೆ ಎಂದು ತಿಳಿಸಿದ ಮೇಲೇ ಶುರು, ದೋಟಿ ಇಳಿಸಿ ಮಡಿಸಿದ್ದೇವೆ ಎಂದು ನೀವು ತಿಳಿಸಿದ ಮೇಲೇ ಲೈನ್ ಚಾರ್ಜ್, ಅಂದರೆ ಮತ್ತೆ ಕರೆಂಟ್ ಬಿಡುವುದು. ‘ಈಗ ಕರೆಂಟ್ ಹೋಗಿದೆ, ಅಷ್ಟರಲ್ಲಿ ನಾಲ್ಕು ಮರ ಮುಗಿಸಿಬಿಡೋಣ’ ಎಂಬುದೇ ಈ ಕೆಲಸದ ಅತಿ ಅಪಾಯದ ಮಾತು. ಸೋಗೆ ಬಿದ್ದು ಫೀಡರ್ (ಸ್ಟೇಷನ್ನಿನಿಂದ ಬರುವ ಲೈನ್) ಟ್ರಿಪ್ ಆದರೆ ಸ್ಟೇಷನ್ನಿನಿಂದ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ, ನಿಮ್ಮ ತೋಟದಲ್ಲಿ ದೋಟಿ ಮೇಲಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ನೆಲಕ್ಕೆ ಬಿದ್ದ ತಂತಿಗೂ ಇದೇ ಮಾತು. ಸತ್ತಂತೆ ಕಂಡರೂ ಹತ್ತಿರ ಹೋಗಬೇಡಿ, ಸುತ್ತಲಿನ ಒದ್ದೆ ನೆಲದಲ್ಲೂ ಕರೆಂಟ್ ಹರಡಿರುತ್ತದೆ. ಆಗಲೇ ಹತ್ತಿರವಿದ್ದರೆ ಹೆಜ್ಜೆ ಎತ್ತಿ ಓಡದೆ, ಎರಡೂ ಪಾದ ಜೋಡಿಸಿ ನೆಲಕ್ಕೆ ಉಜ್ಜುತ್ತ ಸರಿಯಿರಿ.

ಮರದಿಂದ ಮರಕ್ಕೆ ಹೋಗುವಾಗ ದೋಟಿಯನ್ನು ನೆಟ್ಟಗೆ ಎತ್ತಿಕೊಂಡೇ ನಡೆಯುವುದು ಇನ್ನೊಂದು ರೂಢಿ. ಮಡಿಸಿ ಬಿಚ್ಚುವುದಕ್ಕೆ ಬೇಜಾರು. ಒಂದೇ ಸಾಲಿನಲ್ಲಿ ಪರವಾಗಿಲ್ಲ, ಸಾಲು ಬದಲಾದರೆ ಇಳಿಸಲೇಬೇಕು.

ಪಂಪ್‌ಶೆಡ್ಡಿನ ಕ್ರಮ

ಇಲ್ಲಿ ಕೈತಪ್ಪುವುದಕ್ಕೆ ದಾರಿಗಳು ಮೂರು. ಕರೆಂಟ್ ಹೋಗಿದ್ದಾಗ ಕೈ ಹಾಕುವುದು, ಕರೆಂಟ್ ಬಂದೊಡನೆ ಮೋಟಾರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಇದೆ ಎಂಬುದನ್ನು ಮರೆಯುವುದು, ಮನೆಯಲ್ಲಿರುವ ಇನ್ನೊಬ್ಬರು ಮೊಬೈಲಿನಿಂದ ಮೋಟಾರ್ ಚಾಲೂ ಮಾಡುವುದು. ಮೂರನೆಯದು ಈಚಿನದು. ಮೊದಲಾದರೆ ಮೋಟಾರ್ ಹಾಕುವವರು ಶೆಡ್ಡಿಗೇ ಬರಬೇಕಿತ್ತು, ಒಳಗೆ ಯಾರಿದ್ದಾರೆ ಎಂದು ಕಣ್ಣಿಗೆ ಬೀಳುತ್ತಿತ್ತು. ಈಗ ಹಾಸಿಗೆಯಲ್ಲಿ ಮಲಗಿಯೇ ಹಾಕಬಹುದು.

ಮೋಟಾರ್, ಸ್ಟಾರ್ಟರ್, ಕೇಬಲ್, ಫುಟ್‌ವಾಲ್ವ್ ಯಾವುದಕ್ಕೆ ಕೈ ಹಾಕುವುದಿದ್ದರೂ ಈ ಕ್ರಮ:

1. ಸ್ಟಾರ್ಟರ್ ಆಫ್ ಮಾಡಿ. ಆಟೋ ಅಥವಾ ಮೊಬೈಲ್ ಸ್ಟಾರ್ಟರ್ ಇದ್ದರೆ ಮ್ಯಾನ್ಯುಯಲ್‌ಗೆ ತಿರುಗಿಸಿ.

2. ಮೇನ್ ಸ್ವಿಚ್ ಇಳಿಸಿ.

3. ಮೂರೂ ಕಿಟ್‌ಕ್ಯಾಟ್ ಫ್ಯೂಸ್ (ಕೈಯಿಂದ ಕೀಳುವ ಪಿಂಗಾಣಿ ಫ್ಯೂಸ್) ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಬೋರ್ಡಿನ ಮೇಲೆ ಇಟ್ಟರೆ ಆಗುವುದಿಲ್ಲ. ಬೋರ್ಡಿನ ಮೇಲಿದ್ದರೆ ‘ಯಾರೋ ಫ್ಯೂಸ್ ಕಿತ್ತಿಟ್ಟಿದ್ದಾರಲ್ಲ’ ಅಂತ ಬಂದವರು ಹಾಕಿಬಿಡುತ್ತಾರೆ. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇರುವ ಬೋರ್ಡಾದರೆ ಬಾಗಿಲಿಗೆ ಬೀಗ, ಬೀಗದ ಕೈ ಜೇಬಿಗೆ.

4. ಟೆಸ್ಟ್ ಲ್ಯಾಂಪನ್ನು ಮೊದಲು ಕರೆಂಟ್ ಇರುವ ಕಡೆ, ಅಂದರೆ ಮೇನ್ ಸ್ವಿಚ್ಚಿನ ಒಳಬರುವ ತುದಿಗೆ ಹಿಡಿದು ಉರಿಯುತ್ತದೆಯೇ ನೋಡಿ. ಆಮೇಲೆ ಕೆಲಸ ಮಾಡುವ ಜಾಗದ ಮೂರೂ ಫೇಸುಗಳಿಗೆ, ಒಂದಕ್ಕೊಂದು ಜೋಡಿಯಾಗಿಯೂ ಅರ್ತಿಗೂ ಹಿಡಿಯಿರಿ. ಕೊನೆಗೆ ಮತ್ತೆ ಒಳಬರುವ ತುದಿಗೆ. ನಡುವೆ ಬಲ್ಬೇ ಹೋಗಿದ್ದರೆ ಈ ಮೂರನೇ ಸಲದಲ್ಲಿ ಗೊತ್ತಾಗುತ್ತದೆ. ಎರಡು ಫೇಸಿನ ನಡುವೆ 415 ವೋಲ್ಟ್ ಇರುವುದರಿಂದ ಒಂದೇ ವ್ಯಾಟಿನ ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದ ಲ್ಯಾಂಪ್ ಬೇಕು.

5. ಕಂಡೆನ್ಸರ್ (ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್) ಇದ್ದರೆ ಅದರ ಎರಡು ತುದಿಗೂ ಅದೇ ಟೆಸ್ಟ್ ಲ್ಯಾಂಪ್ ಹಿಡಿದು ಖಾಲಿ ಮಾಡಿ. ಎಲ್ಲ ಆಫ್ ಮಾಡಿದ ಮೇಲೂ ಅದು ಹೊಡೆಯುತ್ತದೆ.

ಲೈನಿನಲ್ಲಿ ಕರೆಂಟೇ ಇಲ್ಲದಿದ್ದರೆ ನಾಲ್ಕನೇ ಹೆಜ್ಜೆ ಮಾಡಲು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಮೊದಲ ಮೂರು ಹೆಜ್ಜೆಯಲ್ಲಿ ಒಂದನ್ನೂ ಬಿಡುವಂತಿಲ್ಲ, ‘ಹೇಗೂ ಕರೆಂಟ್ ಇಲ್ಲವಲ್ಲ’ ಎಂದು ಬಿಡುವುದು ಅವನ್ನೇ.

ಜೇಬಿನ ಟೆಸ್ಟರನ್ನು ನೆಚ್ಚಿಕೊಂಡು ಕೈ ಹಾಕಬೇಡಿ. ಬಿಸಿಲಿನಲ್ಲಿ ಅದರ ನಿಯಾನ್ ಬೆಳಕು ಕಾಣುವುದಿಲ್ಲ, ಒಣ ಹಲಗೆಯ ಮೇಲೆ ನಿಂತಿದ್ದರೆ ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ. ಉರಿದರೆ ಕರೆಂಟ್ ಇದೆ ಎಂದೇ ತಿಳಿಯಬೇಕು, ಉರಿಯದಿದ್ದರೆ ಇಲ್ಲ ಎಂದು ಹೇಳಲು ಬರುವುದಿಲ್ಲ.

ಫ್ಯೂಸ್ ವೈರಿನ ಬಗ್ಗೆಯೂ ಒಂದು ಮಾತು. ಐದು ಎಚ್‌ಪಿ ಮೂರು ಫೇಸ್ ಮೋಟಾರ್ ಪೂರ್ತಿ ಲೋಡಿನಲ್ಲಿ ಎಳೆಯುವುದು ಏಳೂವರೆ ಆಂಪಿಯರ್ ಆಸುಪಾಸು. ಪದೇಪದೇ ಹೋಗುತ್ತದೆ ಅಂತ ಕೇಬಲಿನ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿದರೆ ಫ್ಯೂಸ್ ಇದ್ದೂ ಇಲ್ಲದಂತೆ, ಸುಡುವುದು ವೈಂಡಿಂಗ್. ಫ್ಯೂಸ್ ಪದೇಪದೇ ಹೋಗುತ್ತಿದೆ ಅಂದರೆ ಬೇರಿಂಗ್ ಹಿಡಿದಿದೆಯೋ, ಒಂದು ಫೇಸ್ ಇಲ್ಲವೋ, ಕೇಬಲ್ ಜಾಯಿಂಟಿಗೆ ನೀರು ಹೋಗಿದೆಯೋ ನೋಡಬೇಕು.

ಮನೆಯ ಬೋರ್ಡಿನಲ್ಲಿ ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂದು ಧೈರ್ಯವಾಗಿರುವವರೂ ಬಹಳ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್). ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಆಗ ಬೀಳದಿದ್ದರೆ ಶಾಕ್ ಹೊಡೆದಾಗಲೂ ಬೀಳುತ್ತದೆಂದು ನಂಬುವಂತಿಲ್ಲ, ಬದಲಾಯಿಸಿ.

ರೂಢಿ ನಿಲ್ಲುವುದು ಹೇಗೆ

ಫ್ಯೂಸನ್ನು ಜೇಬಿಗೆ ಹಾಕಿಕೊಳ್ಳುವುದರಲ್ಲಿ ಇರುವ ಗುಟ್ಟನ್ನು ಗಮನಿಸಿ. ಅದಕ್ಕೆ ನೆನಪಿನ ಶಕ್ತಿ ಬೇಡ, ಬೇರೆಯವರ ವಿಧೇಯತೆಯೂ ಬೇಡ. ಫ್ಯೂಸ್ ನಿಮ್ಮ ಜೇಬಿನಲ್ಲಿ ಇರುವವರೆಗೆ ಮೋಟಾರ್ ತಿರುಗುವುದಕ್ಕೆ ದಾರಿಯೇ ಇಲ್ಲ. ಯಾವ ಕೆಲಸವಾದರೂ ಮೊದಲು ಹುಡುಕಬೇಕಾದ್ದು ಇಂಥದೊಂದು ವಸ್ತುವನ್ನು. ಸಿಗದಿದ್ದರೆ ಕ್ರಮ, ಅದೂ ಆಗದಿದ್ದರೆ ಬಾಯಿಮಾತು.

ಕ್ರಮ ಅಂದರೆ ಒಂದೇ ಹೆಜ್ಜೆಗಳು, ಒಂದೇ ಸಾಲಿನಲ್ಲಿ, ಪ್ರತಿಸಲ. ಇದು ಮುರಿಯುವುದು ಸಾಮಾನ್ಯವಾಗಿ ನಡುವೆ ಫೋನ್ ಬಂದಾಗ. ಮಾತು ಮುಗಿಸಿ ಬಂದವರು ಎಲ್ಲಿ ಬಿಟ್ಟೆ ಎಂದು ನೆನಪಿಸಿಕೊಂಡು ಮುಂದುವರಿಯುತ್ತಾರೆ, ಆ ನೆನಪು ನಿನ್ನೆಯ ಕೆಲಸದ್ದಾಗಿರಬಹುದು. ದಿನವೂ ಮಾಡುವ ಕೆಲಸದಲ್ಲಿ ಇವತ್ತಿನ ಚಿತ್ರಕ್ಕೂ ನಿನ್ನೆಯ ಚಿತ್ರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನಡುವೆ ತಡೆ ಬಂದರೆ ಮತ್ತೆ ಒಂದರಿಂದ. ಐದು ಹೆಜ್ಜೆಗೆ ಎರಡು ನಿಮಿಷ ಬೇಕು.

ಬಾಯಲ್ಲಿ ಹೇಳಿಕೊಳ್ಳುವುದು ಮೂರನೆಯದು. ಜಪಾನಿನ ರೈಲ್ವೆ ಸಿಬ್ಬಂದಿ ಸಿಗ್ನಲ್ಲಿಗೆ ಬೆರಳು ತೋರಿಸಿ, ಅದರ ಬಣ್ಣವನ್ನು ಗಟ್ಟಿಯಾಗಿ ಹೇಳುವ ಪದ್ಧತಿ ಇಟ್ಟುಕೊಂಡಿದ್ದಾರೆ. ಬೆರಳು, ಕಣ್ಣು, ಬಾಯಿ, ಕಿವಿ ನಾಲ್ಕೂ ಒಂದೇ ವಸ್ತುವಿನ ಮೇಲಿದ್ದಾಗ ನೋಡದೆಯೇ ‘ನೋಡಿದೆ’ ಅನ್ನಿಸುವುದು ಕಷ್ಟ. ತೋಟದಲ್ಲಿ ಇದನ್ನು ಮಾಡಿದರೆ ಮೊದಲ ವಾರ ನಗುತ್ತಾರೆ. ನಗಲಿ. ಬೆರಳು ಮೇಲೆ ತೋರಿಸಿ ‘ತಂತಿ ಇಲ್ಲ’ ಅಂದು ದೋಟಿ ಎತ್ತಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ತಿಂಗಳಿಗೆ ಒಂದು. ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಹೊಸದನ್ನು ಗಂಟು ಹಾಕಿ. ದೋಟಿ ಹೆಗಲಿಗೇರಿಸುವ ಮೊದಲು ಪ್ರತಿ ಜೋಡಣೆಯ ಲಾಕ್ ಬೆರಳಲ್ಲಿ ಒತ್ತಿ ನೋಡುವುದು, ರಾತ್ರಿ ಹಿತ್ತಿಲ ಬಾಗಿಲು ಹಾಕುವಾಗ ಗ್ಯಾಸಿನ ರೆಗ್ಯುಲೇಟರ್ ತಿರುಗಿಸುವುದು, ಹೀಗೆ.

ಸ್ವಲ್ಪದರಲ್ಲಿ ತಪ್ಪಿಹೋದ ಘಟನೆಗಳಿಗೆ ಒಂದು ಜಾಗ ಮಾಡಿ. ಅಡಿಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು: ‘ದೋಟಿ ಜಾರಿತು, ಸೋಗೆ ಒದ್ದೆ’, ‘ಏಣಿ ಬುಡ ಕದಲಿತು’. ಹೆಸರು ಬೇಡ, ಬೈಯುವುದೂ ಬೇಡ, ಬೈದರೆ ಮುಂದಿನದನ್ನು ಯಾರೂ ಹೇಳುವುದಿಲ್ಲ. ತಿಂಗಳ ಹಾಳೆ ತಿರುಗಿಸುವಾಗ ಒಂದೇ ಮಾತು ಎರಡು ಸಲ ಬಂದಿದ್ದರೆ ಅದೇ ಮುಂದಿನ ತಿಂಗಳ ಕೆಲಸ. ‘ಸದ್ಯ ಪಾರಾದೆ’ ಅಂತ ನಿಟ್ಟುಸಿರು ಬಿಟ್ಟು ಮರೆತುಬಿಡುವುದರಿಂದಲೇ ಧೈರ್ಯ ಬೆಳೆಯುತ್ತಾ ಹೋಗುತ್ತದೆ.

ನಮ್ಮಲ್ಲಿ ದೊಡ್ಡ ತೊಡಕು ಇನ್ನೊಂದಿದೆ. ಅಪಾಯ ಮೊದಲು ಕಾಣುವುದು ಕೆಳಗೆ ನಿಂತು ಅಡಿಕೆ ಹೆಕ್ಕುವವರಿಗೆ, ಮಾತಾಡುವ ಹಕ್ಕು ಇರುವುದು ಮೇಸ್ತ್ರಿಗೆ, ಯಜಮಾನರಿಗೆ. ನಿನ್ನೆ ಮೊನ್ನೆ ಬಂದ ಹುಡುಗ ಇಪ್ಪತ್ತು ವರ್ಷದ ಕೊನೆಗಾರರಿಗೆ ‘ಅಣ್ಣಾ, ನಿಲ್ಸಿ’ ಅನ್ನುವುದು ಸುಲಭವಲ್ಲ. ಬೆಳಗ್ಗೆ ಕಾಫಿ ಕುಡಿಯುವಾಗಲೇ ಯಜಮಾನರು ಎಲ್ಲರ ಎದುರು ಹೇಳಿಬಿಡಬೇಕು: ಯಾರು ‘ನಿಲ್ಸಿ’ ಅಂದರೂ ಕೈ ನಿಲ್ಲಬೇಕು, ಕಾರಣ ಆಮೇಲೆ ಕೇಳೋಣ. ಸುಳ್ಳು ಗಾಬರಿಯಾದರೂ ಗೇಲಿ ಮಾಡುವಂತಿಲ್ಲ. ಒಮ್ಮೆ ಗೇಲಿ ಮಾಡಿದರೆ ಆ ನಿಯಮ ಅಲ್ಲಿಗೆ ಮುಗಿಯಿತು.

ಮತ್ತು ‘ಇನ್ನೊಂದೇ ಮರ’. ಸಂಜೆ ಎಷ್ಟು ಹೊತ್ತಿಗೆ ನಿಲ್ಲಿಸುವುದು ಎಂದು ಬೆಳಗ್ಗೆಯೇ ಗೊತ್ತುಮಾಡಿ. ದಣಿದ ಮೇಲೆ ತೆಗೆದುಕೊಳ್ಳುವ ತೀರ್ಮಾನದಲ್ಲಿ ದಣಿವೇ ಮಾತಾಡುತ್ತದೆ.

ಮರ ಹತ್ತುವವರಿಗೆ

ಹತ್ತುವುದಕ್ಕೆ ಮೊದಲು ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ನಾಲ್ಕು ಕಡೆ ಬಡಿದು ನೋಡಿ. ಗಟ್ಟಿ ಮರದ ಸದ್ದಿಗೂ ಟೊಳ್ಳಿನ ಸದ್ದಿಗೂ ವ್ಯತ್ಯಾಸ ತಿಳಿಯುತ್ತದೆ. ಬಿಸಿಲಿಗೆ ಸುಟ್ಟು ಸೀಳಿದ ಕಾಂಡ, ಬುಡದಲ್ಲಿ ಅಣಬೆ ಎದ್ದ ಮರ, ಶಿರ ಸಣ್ಣಗಾದ ಮರ, ಇವುಗಳನ್ನು ಹತ್ತಲೇಬಾರದು. ಮಳೆಗಾಲದಲ್ಲಿ ಪಾಚಿ ಕಟ್ಟುವ ಬದಿ ಬೇರೆ, ಒಣಗಿರುವ ಬದಿ ಬೇರೆ. ಕಾಲಿಗೆ ಸಿಕ್ಕಿಸುವ ಹಗ್ಗದ ಬಳೆ ಸವೆದಿದೆಯೇ ಎಂದು ಕಣ್ಣಲ್ಲಿ ನೋಡಿದರೆ ಸಾಲದು, ನೆಲದಿಂದ ಎರಡಡಿ ಎತ್ತರದಲ್ಲೇ ಪೂರ್ತಿ ಭಾರ ಹಾಕಿ ಜಗ್ಗಿ ನೋಡಬೇಕು.

ಮರವನ್ನು ತೂಗಿ ಪಕ್ಕದ ಮರ ಹಿಡಿದು ದಾಟುವುದು ಮಲೆನಾಡಿನ ಕೊನೆಗಾರರ ಹೆಮ್ಮೆಯ ವಿದ್ಯೆ. ಇಳಿದು ಹತ್ತುವ ಶ್ರಮ ಉಳಿಯುತ್ತದೆ, ಕೆಲಸವೂ ಬೇಗ. ಅದರಲ್ಲಿ ಒಂದು ಕ್ಷಣ ಕೈ ಒಂದು ಮರದಲ್ಲಿ, ಕಾಲು ಇನ್ನೊಂದರಲ್ಲಿ ಇರುತ್ತದೆ, ಆ ಕ್ಷಣಕ್ಕೆ ಸೊಂಟದ ಹಗ್ಗ ಯಾವ ಮರಕ್ಕೂ ಕಟ್ಟಿರುವುದಿಲ್ಲ. ಹತ್ತಿದ ಮರವನ್ನು ಬಡಿದು ನೋಡಿರುತ್ತೀರಿ, ಹಿಡಿಯುವ ಮರವನ್ನು ನೋಡಿರುವುದಿಲ್ಲ. ಈ ವಿದ್ಯೆಯನ್ನು ಬಿಡುವುದೇ ಸರಿ. ದೋಟಿ ತಲುಪುವ ಮರಕ್ಕಂತೂ ಹತ್ತುವುದೇ ಬೇಡ.

ಯಾರಾದರೂ ಬಿದ್ದರೆ ಸುತ್ತಲಿದ್ದವರು ಓಡಿಬಂದು ಎಬ್ಬಿಸಿ ಕೂರಿಸುವುದು, ನೀರು ಕುಡಿಸುವುದು, ಇಬ್ಬರು ಕೈಕಾಲು ಹಿಡಿದು ಜೀಪಿಗೆ ಹಾಕುವುದು ನಡೆಯುತ್ತದೆ. ಬೆನ್ನುಮೂಳೆ ಮುರಿದಿದ್ದರೆ ಈ ಎಬ್ಬಿಸುವಿಕೆಯಲ್ಲಿ ಒಳಗಿನ ನರಕ್ಕೆ ಇನ್ನಷ್ಟು ಪೆಟ್ಟಾಗಬಹುದು. ಬಿದ್ದಲ್ಲೇ ಬಿಡಿ. ಒಬ್ಬರು ತಲೆಯ ಎರಡೂ ಬದಿ ಹಿಡಿದು ಕುತ್ತಿಗೆ ಅಲುಗದಂತೆ ನೋಡಿಕೊಳ್ಳಲಿ, 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದರೆ ಬಾಗಿಲಿನ ಹಲಗೆ ತಂದು, ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿ ಇರುವಂತೆ ಮಗ್ಗುಲಿಗೆ ಹೊರಳಿಸಿ, ಹಲಗೆ ಒಳಗೆ ಸರಿಸಿ ಮಲಗಿಸಿ.

ಬೋರ್ಡೋ ಮತ್ತು ವೀಡ್ ಕಟರ್

ಶೇಕಡ ಒಂದರ ಬೋರ್ಡೋ (ಅಡಿಕೆಗೆ ಸಿಂಪಡಿಸುವ ಶಿಲೀಂಧ್ರನಾಶಕ ದ್ರಾವಣ) ಅಂದರೆ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬಾಯಿಪಾಠ ಆಗಿರುವ ಲೆಕ್ಕ. ಅಪಾಯ ಇರುವುದು ಸುಟ್ಟ ಸುಣ್ಣ ಅರಳಿಸುವ ಹೊತ್ತಿನಲ್ಲಿ. ಬಕೆಟಿಗೆ ಒಮ್ಮೆಲೇ ನೀರು ಸುರಿದು ಬಗ್ಗಿ ನೋಡಿದರೆ ಕುದಿಯುವ ಸುಣ್ಣ ಕಣ್ಣಿಗೆ ಸಿಡಿಯುತ್ತದೆ. ನೀರನ್ನು ಸ್ವಲ್ಪಸ್ವಲ್ಪವಾಗಿ, ಮುಖ ದೂರ ಇಟ್ಟು ಹಾಕಿ. ಇಪ್ಪತ್ತು ಲೀಟರ್ ಶುದ್ಧ ನೀರು ಪಕ್ಕದಲ್ಲಿ ಇಲ್ಲದೆ ಸುಣ್ಣಕ್ಕೆ ಕೈ ಹಾಕಬೇಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ, ಸುಣ್ಣದ ಹರಳು ಉಳಿಯದಂತೆ ಇಪ್ಪತ್ತು ನಿಮಿಷ ಬಿಡದೆ ತೊಳೆದು ಆಮೇಲೆ ಆಸ್ಪತ್ರೆಗೆ ಹೊರಡಿ. ತೊಳೆಯದೆ ಹೊರಟರೆ ದಾರಿಯುದ್ದಕ್ಕೂ ಸುಡುತ್ತಲೇ ಇರುತ್ತದೆ. ಸಾದಾ ಕನ್ನಡಕ ಸಾಲದು, ಸುತ್ತಲೂ ಮುಚ್ಚುವ ಗಾಗಲ್ ಬೇಕು.

ವೀಡ್ ಕಟರಿನ ಗಾರ್ಡ್ ಬಿಚ್ಚಿ ಅಟ್ಟಕ್ಕೆ ಎಸೆದಿದ್ದರೆ ಇವತ್ತೇ ಹುಡುಕಿ ಹಾಕಿ. ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ಬಿಚ್ಚುತ್ತಾರೆ, ಅದಿಲ್ಲದಿದ್ದರೆ ಕಲ್ಲು ನೇರ ಮೊಣಕಾಲಿಗೆ. ಬ್ಲೇಡಿನ ಮುಂದಿನ ಬಲ ಅಂಚು ಕಲ್ಲಿಗೋ ಬೇರಿಗೋ ತಗುಲಿದರೆ ಯಂತ್ರ ಬದಿಗೆ ಒದೆಯುತ್ತದೆ, ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ, ಎಡ ಅಂಚಲ್ಲಿ ಕತ್ತರಿಸಿ. ಹದಿನೈದು ಮೀಟರಿನೊಳಗೆ ಯಾರೂ ಇರಬಾರದು. ಸಿಕ್ಕಿದ ಬಳ್ಳಿ ತೆಗೆಯುವಾಗ ಆಕ್ಸಿಲರೇಟರ್ ಬಿಟ್ಟರಷ್ಟೇ ಸಾಲದು, ಇಂಜಿನ್ನೇ ಆಫ್ ಆಗಬೇಕು, ಬ್ಲೇಡ್ ನಿಂತದ್ದು ಕಣ್ಣಿಗೆ ಕಾಣಬೇಕು. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಾಕುವುದು ಬೇಡ, ಹತ್ತು ನಿಮಿಷ ಎಲೆಅಡಿಕೆ ಹಾಕಿಕೊಳ್ಳಿ.

ಅಡಿಗೆಮನೆ

14.2 ಕೆಜಿ ಸಿಲಿಂಡರನ್ನು ಕಣ್ಣು ಮುಚ್ಚಿ ಬದಲಾಯಿಸುವವರು ಬಿಡುವ ಹೆಜ್ಜೆ ಎರಡು: ವಾಲ್ವಿನ ಒಳಗೆ ಕಪ್ಪು ಓ-ರಿಂಗ್ ಇದೆಯೇ, ಸೀಳಿದೆಯೇ ಎಂದು ನೋಡುವುದು, ಮತ್ತು ರೆಗ್ಯುಲೇಟರ್ ಕೂರಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಕಿಟಕಿ ತೆರೆದಿದೆ ಎಂಬ ಧೈರ್ಯಕ್ಕಿಂತ ನೆಲಕ್ಕೆ ತಾಗಿದ ಬಾಗಿಲು ತೆರೆಯುವುದು ಮುಖ್ಯ. ವಾಸನೆ ಬಂದಾಗ ಸ್ವಿಚ್ ಹಾಕಬಾರದು ಎಂಬುದು ಎಲ್ಲರಿಗೂ ಗೊತ್ತು, ಆಫ್ ಮಾಡಲೂಬಾರದು ಎಂಬುದು ಮರೆಯುತ್ತದೆ. ಕಿಡಿ ಎರಡರಲ್ಲೂ ಏಳುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಒಳಗೇ ಇದ್ದವರ ಮೂಗು ಸ್ವಲ್ಪ ಹೊತ್ತಿಗೆ ವಾಸನೆಗೆ ಒಗ್ಗಿಕೊಳ್ಳುತ್ತದೆ, ಹೊರಗಿನಿಂದ ಬಂದವರು ‘ವಾಸನೆ’ ಅಂದರೆ ವಾದ ಮಾಡಬೇಡಿ.

ಕುಕ್ಕರನ್ನು ಮೂರನೇ ಎರಡು ಭಾಗಕ್ಕಿಂತ, ಬೇಳೆಕಾಳಾದರೆ ಅರ್ಧಕ್ಕಿಂತ ಮೇಲೆ ತುಂಬಬೇಡಿ, ನೊರೆ ಬಂದು ಆವಿಯ ಕೊಳವೆ ಕಟ್ಟುತ್ತದೆ. ಮುಚ್ಚುವ ಮುಂಚೆ ಆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ರಂಧ್ರದಲ್ಲಿ ಬೆಳಕು ಕಾಣಬೇಕು. ವೇಟ್ ಎತ್ತಿದಾಗ ಸುಯ್ ಅನ್ನುವವರೆಗೆ ಮುಚ್ಚಳಕ್ಕೆ ಕೈ ಹಾಕಬಾರದು.

ಬಚ್ಚಲ ಒಳಗೇ ಇರುವ ಗ್ಯಾಸ್ ಗೀಸರ್ ಹೊರಗೆ ಹೋಗಬೇಕು. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಇಲ್ಲೇ ಡೈರಿಗೆ

ಬೈಕಿನಲ್ಲಿ ಪೇಟೆಗೆ ಹೊರಟರೆ ಹೆಲ್ಮೆಟ್, ಹಾಲಿನ ಡೈರಿಗೆ ಹೊರಟರೆ ಬರಿತಲೆ. ರಸ್ತೆ ಪರಿಚಯದ್ದು ಎಂಬುದು ಕಾರಣ. ನಿಂತ ಬೈಕಿನಿಂದ ಸುಮ್ಮನೆ ಬದಿಗೆ ಉರುಳಿದರೂ ಐದಡಿ ಎತ್ತರದಿಂದ ಬೀಳುವ ತಲೆ ಗಂಟೆಗೆ 20 ಕಿಲೋಮೀಟರಿನ ಹತ್ತಿರದ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಅದಕ್ಕೆ ವಾಹನ ಓಡುತ್ತಿರಲೇಬೇಕೆಂದಿಲ್ಲ. 40ರ ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತೀರಿ. ಪಕ್ಕದ ಮನೆಯ ಕರು ಅಡ್ಡ ಬಂದದ್ದು ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಆ 11 ಮೀಟರ್ ಮುಗಿದಿರುತ್ತದೆ.

ಬೈಕಿನ ಕೀಯನ್ನು ಹೆಲ್ಮೆಟ್ಟಿನ ಒಳಗೆ ಇಡಿ, ಗೋಡೆಯ ಮೊಳೆಗೆ ಬೇಡ. ಕೀ ಬೇಕಾದರೆ ಹೆಲ್ಮೆಟ್ ಕೈಗೆ ಬರಲೇಬೇಕು. ಗಲ್ಲದ ಪಟ್ಟಿಯ ಕೆಳಗೆ ಎರಡು ಬೆರಳು ಮಾತ್ರ ತೂರುವಷ್ಟು ಬಿಗಿ ಇರಲಿ. ಪಟ್ಟಿ ಹಾಕದ ಹೆಲ್ಮೆಟ್ ತಲೆಗಿಂತ ಮೊದಲು ಹಾರುತ್ತದೆ. ಮೊದಲ ಮಳೆಯ ದಿನ, ಅಡಿಕೆ ಸಿಪ್ಪೆ ಹರಡಿದ ತಿರುವು, ಕೆಂಪು ಮಣ್ಣು ಕೊಚ್ಚಿಬಂದ ಇಳಿಜಾರು, ಈ ಮೂರಕ್ಕೆ ತಿರುವಿನ ಒಳಗೆ ಬ್ರೇಕ್ ಹಾಕದೆ ಮೊದಲೇ ವೇಗ ಇಳಿಸಿ.

ಗುಂಡಿಗೆ ಇಳಿಯುವುದು

ಶೌಚದ ಗುಂಡಿ, ಗೋಬರ್ ಗ್ಯಾಸಿನ ಗುಂಡಿ, ಬಹಳ ದಿನ ಮುಚ್ಚಿಟ್ಟ ಬಾವಿ. ಇಲ್ಲಿ ಕಲಿಯಬೇಕಾದ ಕ್ರಮ ಇಳಿಯದಿರುವುದು. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ಆಮ್ಲಜನಕ ತೀರಾ ಕಡಿಮೆಯಿದ್ದರೆ ಹೇಳುತ್ತದೆ, ಹೈಡ್ರೋಜನ್ ಸಲ್ಫೈಡ್ ಇದ್ದರೆ ಹೇಳುವುದಿಲ್ಲ. ಮೀಥೇನ್ ಇದ್ದರೆ ದೀಪವೇ ಬೆಂಕಿಗೆ ಕಾರಣ. ಕೊಳೆತ ಮೊಟ್ಟೆಯ ವಾಸನೆ ಬಂದು ಹೋಯಿತು ಅಂದರೆ ಅನಿಲ ಹೋಯಿತು ಅಂತಲ್ಲ, ಹೆಚ್ಚಾದಾಗ ಅದು ಮೂಗನ್ನೇ ಕೆಡಿಸುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಇಳಿದ ಎರಡನೆಯವರು, ಮೂರನೆಯವರು ಸಾಯುವುದು ಹೀಗೆ. ಗುಂಡಿ ಖಾಲಿ ಮಾಡಲು ಸಕ್ಕಿಂಗ್ ಯಂತ್ರ ಕರೆಸಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಶೌಚದ ಗುಂಡಿಗೆ ಸುರಕ್ಷತಾ ಸಾಧನಗಳಿಲ್ಲದೆ ಜನರನ್ನು ಇಳಿಸುವುದು ಅಪರಾಧ. ಯಾರಾದರೂ ಬಿದ್ದರೆ 112.

ಶೆಡ್ಡಿನ ಗೋಡೆ

ಪಂಪ್‌ಶೆಡ್ಡಿನ ಒಳಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿಡಿ: ವಿದ್ಯುತ್ 1912, ಆಂಬುಲೆನ್ಸ್ 108, ತುರ್ತು ಸೇವೆ 112. ಅದರ ಕೆಳಗೆ ನಿಮ್ಮ ಆರ್‌ಆರ್ ನಂಬರ್ (ವಿದ್ಯುತ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ), ಟ್ರಾನ್ಸ್‌ಫಾರ್ಮರಿನ ಗುರುತು, ಸೆಕ್ಷನ್ ಆಫೀಸಿನ ನಂಬರ್, ಟಾರ್ ರಸ್ತೆಯಿಂದ ತೋಟಕ್ಕೆ ತಿರುಗುವ ಜಾಗದ ಗುರುತು.

ಶೆಡ್ಡಿನಲ್ಲಿ ಯಾರಿಗಾದರೂ ಕರೆಂಟ್ ಹಿಡಿದರೆ ಮುಟ್ಟಬೇಡಿ, ಮೊದಲು ಮೇನ್ ಇಳಿಸಿ. ಇಳಿಸಲಾಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಳ್ಳಿ. 11 ಕೆವಿ ಲೈನಿಗೆ ಈ ಉಪಾಯ ನಡೆಯುವುದಿಲ್ಲ, ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೆ ದೂರವೇ ಇರಬೇಕು. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಅಂಗೈಯ ಹಿಮ್ಮಡಿ ಇಟ್ಟು, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ಪ್ರತಿಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ದಣಿದ ಕೈ ಆಳಕ್ಕೆ ಒತ್ತುವುದಿಲ್ಲ. ಒಬ್ಬರನ್ನು ಟಾರ್ ರಸ್ತೆಗೆ ಓಡಿಸಿ, ಆಂಬುಲೆನ್ಸಿಗೆ ತಿರುವು ತೋರಿಸಲು.